ಬಂಗಾರದ ವಾಚು ಭಂಗಾರಕ್ಕೆ ಹೋಗದಿರಲಿ

ಕಪಾಟಿನಲ್ಲಿ ಮಲಗಿದ ಗಡಿಯಾಳ: ತಿಕ್ಕುವ ಮುಂಚೆ ತಿಳಿಯಬೇಕಾದದ್ದು

ತಡವಳ (ತಾ. ಅಕ್ಕಲಕೋಟ): ಕನ್ನಡದ 'ಬಂಗಾರ'ಕ್ಕೂ ಮರಾಠಿಯ 'ಭಂಗಾರ'ಕ್ಕೂ ಒಂದೇ ಅಕ್ಷರದ ಫರಕು. ಒಂದು ಚಿನ್ನ, ಇನ್ನೊಂದು ಗುಜರಿ. ಎರಡೂ ಭಾಷೆ ಆಡುವ ಗಡಿಭಾಗದ ಮನೆಗಳಲ್ಲಿ ಈ ಎರಡರ ನಡುವೆ ಸಿಕ್ಕಿಕೊಂಡ ವಸ್ತು ಒಂದಿದೆ. ಅದೇ ಕಪಾಟಿನ ಮೂಲೆಯಲ್ಲಿ ಕರವಸ್ತ್ರ ಸುತ್ತಿ ಇಟ್ಟ ಹಳೆ ಕೈಗಡಿಯಾರ.

ಅಪ್ಪನ ಮದುವೆಯಲ್ಲಿ ಬೀಗರು ಆಹೇರ ಮಾಡಿದ ವಾಚು ಅದು. ಈಗ ನಿಂತುಬಿಟ್ಟಿದೆ. 'ನಿಂತ ಗಡಿಯಾಳ ಮನ್ಯಾಗ ಇಡಬಾರ್ದು' ಎಂಬ ಮಾತು ಬೇರೆ. ಹಿತ್ತಾಳೆ ಪಾತ್ರೆ, ಸುಟ್ಟ ಫ್ಯಾನಿನ ಸಂಗಡ ಅದೂ ಒಂದು ದಿನ ಭಂಗಾರದವನ ಚೀಲ ಸೇರುತ್ತದೆ. ಚೀಲ ಸೇರದೆ ಉಳಿದದ್ದು ದಸರೆಯ ಸ್ವಚ್ಛತೆಯಲ್ಲಿ ಹಾಳಾಗುತ್ತದೆ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಅವತ್ತು ಫಳಫಳ ಹೊಳೆಯುತ್ತದೆ, ಮರುವರ್ಷದ ಹೊತ್ತಿಗೆ ಬಂಗಾರದ ಬಣ್ಣ ಹೋಗಿ ಒಳಗಿನ ಲೋಹ ಕಾಣುತ್ತದೆ.

ಹಿಂದೆ ಒಂದು ವಾಚು ಕೆಟ್ಟರೆ ಅದೇ ನಮೂನೆಯ ಇನ್ನೊಂದು ಪೇಟೆಯಲ್ಲಿ ಸಿಗುತ್ತಿತ್ತು. ಈಗ ಹಾಗಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವ ಎಚ್‌ಎಂಟಿ ವಾಚುಗಳನ್ನು ಮಾಡಿದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಹಳೆ ಮಷೀನುಗಳಿಗೆ ಬೇಕಾದ ಬಿಡಿಭಾಗ ಸಿಗುವುದು ಉಳಿದ ಹಳೆ ದಾಸ್ತಾನಿನಿಂದ ಅಥವಾ ಇನ್ನೊಂದು ವಾಚನ್ನು ಬಿಚ್ಚಿ. ಆದ್ದರಿಂದ ಮನೆಯ ವಾಚು ಹೊಳೆಯುವುದಕ್ಕಿಂತ ಮೊದಲು ಉಳಿಯಬೇಕು.

ಅಳಿಯನ ಕೈಗೆ ಎಚ್‌ಎಂಟಿ

ಸೊಲ್ಲಾಪುರದ ಜನ ಗಿರಣಿಯ ಭೋಂಗಾ ಕೇಳಿ ಹೊತ್ತು ತಿಳಿಯುತ್ತಿದ್ದ ಕಾಲದಲ್ಲಿ ಕೈಗೆ ವಾಚು ಕಟ್ಟಿದವನೆಂದರೆ ಸಾಹುಕಾರ, ಇಲ್ಲವೇ ರೈಲ್ವೆ ನೌಕರ. ಆಗ ಬರುತ್ತಿದ್ದುದೆಲ್ಲ ವೆಸ್ಟ್ ಎಂಡ್, ಫಾವ್ರ್-ಲ್ಯೂಬಾದಂಥ ಸ್ವಿಸ್ ವಾಚು.

1961ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸ್ವಾಮ್ಯದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ತಯಾರಿಸಲು ತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಹಳ್ಳಿಹಳ್ಳಿಗೆ ತಲುಪಿದವು. ದೇವನಾಗರಿ ಅಂಕಿಯ ಡಯಲ್ ಕೂಡ ಇತ್ತು. ಮರಾಠಿ ಶಾಲೆ ಕಲಿತ ಗಡಿಭಾಗದ ಕನ್ನಡಿಗರಿಗೆ ಅದನ್ನು ಓದುವುದು ಕಷ್ಟವಿರಲಿಲ್ಲ.

ಮದುವೆ ಮಾತುಕತೆಯಲ್ಲಿ ಸೈಕಲ್, ರೇಡಿಯೋ, ವಾಚು ಈ ಮೂರು ಕೂಡಿಯೇ ಬರುತ್ತಿದ್ದವು. ಭೀಮೆಯ ಆಚೆ ಇಂಡಿಯ ಕಡೆಯಿಂದ ಹೆಣ್ಣು ಬಂದರೆ ಅಳಿಯನಿಗೆ ಎಚ್‌ಎಂಟಿ, ಈಚೆಯ ಹೆಣ್ಣು ಆಳಂದಕ್ಕೆ ಹೋದರೆ ಅಲ್ಲಿನ ಅಳಿಯನಿಗೂ ಎಚ್‌ಎಂಟಿ. ರಾಜ್ಯದ ಗಡಿ ಎಲ್ಲೇ ಇರಲಿ, ಬೀಗರ ಗಡಿಯಾಳ ಒಂದೇ ಆಗಿತ್ತು.

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಕೂಡಿ ಟೈಟಾನ್ ಕಟ್ಟಿದವು. ಅದರ ಕಾರ್ಖಾನೆ ಇರುವುದು ಕರ್ನಾಟಕದ ಗಡಿಗೆ ಹತ್ತಿದ ಹೊಸೂರಿನಲ್ಲಿ. ಅಲ್ಲಿಂದ ಸೆಲ್ ಹಾಕುವ ಕ್ವಾರ್ಟ್ಜ್ ವಾಚುಗಳ ಕಾಲ ಬಂತು, ದಿನಾ ಕೀ ಕೊಡುವ ವಾಚು ಕಪಾಟು ಸೇರಿತು. ಎಚ್‌ಎಂಟಿಯ ಕಥೆಯನ್ನು ಈಗ ನೋಡಬೇಕೆಂದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

'ಒಳಗಿನ ಹರಳು ಕದ್ದಾರ್ರೀ'

ಡಯಲ್ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದನ್ನು ಓದಿ ಒಳಗೆ ರತ್ನ ಇದೆ ಎಂದು ನಂಬಿದವರು ಬಹಳ. ರಿಪೇರಿ ಮಾಡಿಸಿ ತಂದ ಮೇಲೆ 'ಒಳಗಿನ ಹರಳು ಕದ್ದಾರ್ರೀ' ಎಂಬ ಗುಮಾನಿಯೂ ಹಳೆಯದೇ. ಹರಳು ಇರುವುದು ನಿಜ. ಆದರೆ ಅವು ಕಾರ್ಖಾನೆಯಲ್ಲಿ ತಯಾರಾದ ಕೃತಕ ಕೆಂಪುಕಲ್ಲು. ಸಣ್ಣ ಗಾಲಿಗಳ ಸೂಜಿಯಂಥ ತುದಿ ತಿರುಗುವಾಗ ಸವೆಯಬಾರದೆಂದು ಕೂಡಿಸಿದ ಚಿಕ್ಕ ತೂತಿನ ಕಲ್ಲುಗಳು. ಮಾರಿದರೆ ಏನೂ ಬಾರದು. ಕಿತ್ತರೆ ವಾಚೇ ನಡೆಯದು.

ಕೀ ಕೊಟ್ಟಾಗ ಒಳಗಿನ ಉಕ್ಕಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲದಿಂದ ಗಾಲಿಗಳು ತಿರುಗುತ್ತವೆ. ಆ ಬಲವನ್ನು ಅಳತೆ ಮಾಡಿ ಬಿಡುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಗಾಲಿ. ಎಚ್‌ಎಂಟಿ ಜನತಾದಂಥ ವಾಚಿನಲ್ಲಿ ಇದು ಸೆಕೆಂಡಿಗೆ 5 ಸಲ, ಅಂದರೆ ತಾಸಿಗೆ 18,000 ಸಲ ಬಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 4,32,000. ಇಷ್ಟು ಬಡಿತ ತಡೆಯಲು ಕಾರಣ ಹರಳಿನ ಬಳಿ ಇರುವ ಸೂಜಿಮೊನೆಯಷ್ಟು ಎಣ್ಣೆ.

ಆ ಎಣ್ಣೆ ವರ್ಷಗಳು ಕಳೆದಂತೆ ಒಣಗುತ್ತದೆ, ಅಂಟಾಗುತ್ತದೆ. ವಾಚು ಕಟ್ಟಿಕೊಂಡರೂ ಒಣಗುತ್ತದೆ, ಕಪಾಟಿನಲ್ಲಿಟ್ಟರೂ ಒಣಗುತ್ತದೆ. ಹದಿನೈದು-ಇಪ್ಪತ್ತು ವರ್ಷ ಮಲಗಿದ ವಾಚನ್ನು ಒಮ್ಮೆಲೆ ತೆಗೆದು ಪೂರ್ತಿ ಕೀ ಕೊಟ್ಟು ದಿನಗಟ್ಟಲೆ ಓಡಿಸಿದರೆ ಎಣ್ಣೆಯಿಲ್ಲದ ಎತ್ತಿನಗಾಡಿಯ ಅಚ್ಚಿನಂತೆ ಒಳಗೆ ಸವೆಯುತ್ತದೆ. ಜೀವ ಇದೆಯೋ ಇಲ್ಲವೋ ನೋಡಲು ನಾಲ್ಕು ಸುತ್ತು ಕೀ ಸಾಕು. ಟಿಕ್ ಟಿಕ್ ಕೇಳಿಸಿದರೆ ಖುಷಿಪಟ್ಟು ಅಲ್ಲಿಗೇ ಬಿಡಬೇಕು, ಸರ್ವಿಸಿಂಗ್ ಮಾಡಿಸಿದ ಮೇಲೆ ಕಟ್ಟಿಕೊಳ್ಳಬೇಕು.

ಮನೆಯಲ್ಲಿ ಎಷ್ಟು ಮಾಡಬಹುದು?

ವಾಚಿನ ಹೊರಮೈ ಮನೆಯವರದು, ಒಳಗಿನದು ರಿಪೇರಿಯವರದು. ಈ ಗೆರೆ ದಾಟದಿದ್ದರೆ ಅರ್ಧ ಕೆಲಸ ಆದಂತೆಯೇ. ಚಾಕುವಿನಿಂದ ಹಿಂದಿನ ಮುಚ್ಚಳ ಎಬ್ಬಿಸುವುದು, ಹೊಲಿಗೆ ಮಷೀನಿನ ಎಣ್ಣೆ ಬಿಡುವುದು, ಬಾಯಿಂದ ಊದುವುದು ಬೇಡ. ಊದಿದ ಉಸಿರಿನಲ್ಲಿ ತೇವ ಇರುತ್ತದೆ, ಒಳಗಿನ ಉಕ್ಕಿಗೆ ತುಕ್ಕು ಹಿಡಿಸಲು ಅಷ್ಟೇ ಸಾಕು.

ಮೊದಲು ಕೀ ಪೂರ್ತಿ ಒಳಗೆ ಒತ್ತಿದೆಯೇ ನೋಡಬೇಕು. ಎಳೆದ ಕೀ ಎಂದರೆ ತೆರೆದ ಬಾಗಿಲು. ಬಳಿಕ ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಶ್ ಒಣದಾಗಿಯೇ ತೆಗೆದುಕೊಂಡು ಕೀಯ ಸುತ್ತ, ಬೆಲ್ಟ್ ಸೇರುವ ಸಂದು, ಹಿಂದಿನ ಮುಚ್ಚಳದ ಅಂಚಿನ ಧೂಳು ಉದುರಿಸಬೇಕು. ಧೂಳು ತೆಗೆಯದೆ ಬಟ್ಟೆಯಿಂದ ತಿಕ್ಕಿದರೆ ಮಣ್ಣಿನ ಕಣವೇ ಗ್ಲಾಸಿಗೆ ಗೀರು ಹಾಕುತ್ತದೆ.

ಆಮೇಲೆ ಹಳೆ ಧೋತರದ ಮೆತ್ತನೆ ತುಂಡನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಹನಿ ಬೀಳದಂತೆ ಮಾಡಿ ಹೊರಮೈ ಒರೆಸಬೇಕು. ಕೂಡಲೇ ಒಣ ತುಂಡಿನಿಂದ ಮತ್ತೊಮ್ಮೆ. ಇಷ್ಟೇ.

ಬಂಗಾರ ಲೇಪದ ವಾಚಿಗೆ ಇದಕ್ಕಿಂತ ಹೆಚ್ಚಿನದು ಬೇಡ. ಲೇಪದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಟೂತ್‌ಪೇಸ್ಟ್, ಬೂದಿ, ತಾಮ್ರ-ಹಿತ್ತಾಳೆ ತೊಳೆಯುವ ಪುಡಿ, ಎಲ್ಲದರಲ್ಲೂ ತಿಕ್ಕುವ ಕಣಗಳಿವೆ. ಹುಣಸೆಹಣ್ಣಿನಲ್ಲಿ ಹುಳಿ ಇದೆ. ಸಮಯಿ ಬೆಳಗಿದ ಹಾಗೆ ವಾಚು ಬೆಳಗಲು ಹೋದರೆ ಬೆಳಗುವುದೇ ಬಂಗಾರ ಕಳೆಯುವ ಕೆಲಸ.

ಸ್ಟೀಲ್ ಚೈನಿನ ಸಂದಿನಲ್ಲಿ ಬೆವರು, ಮಣ್ಣು ಕೂಡಿ ಕಪ್ಪು ರಾಡಿಯಾಗಿರುತ್ತದೆ. ಚೈನು ವಾಚಿನಿಂದ ಬಿಚ್ಚಲು ಬಂದರೆ ಮಾತ್ರ ಉಗುರುಬೆಚ್ಚನೆ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ ಬ್ರಶ್ ಮಾಡಿ, ತಿಳಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಚರ್ಮದ ಬೆಲ್ಟನ್ನು ತೊಳೆಯುವ ಹಾಗಿಲ್ಲ. ಬೆವತ ದಿನ ಒಣಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಗಾಳಿಗೆ ಇಡಬೇಕು. ವಾಸನೆ ಹೋಗದಿದ್ದರೆ ಹೊಸ ಬೆಲ್ಟ್ ಹಾಕಿಸುವುದೇ ಅಗ್ಗ.

ಹಳೆ ವಾಚಿನ ಗ್ಲಾಸು ಅಸಲಿಗೆ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಬೇಗ ಗೀರು ಬೀಳುತ್ತದೆ, ಆದರೆ ಪಾಲಿಶ್ ಮಾಡಿದರೆ ಹೋಗುತ್ತದೆ, ಹೊಸದು ಹಾಕಿಸಲೂ ಬರುತ್ತದೆ. ಆ ಪಾಲಿಶ್ ಕೂಡ ರಿಪೇರಿಯವರ ಹತ್ತಿರ ಆಗಲಿ. ಮನೆಯಲ್ಲಿ ಮಾಡಿದರೆ ಪೇಸ್ಟು ಅಂಚಿನ ಬಂಗಾರಕ್ಕೂ ತಾಗುತ್ತದೆ.

ಭಂಡಾರ, ಬಿಸಿಲು, ಡಿಜೆ

ನಮ್ಮ ಭಾಗದ ವಾಚಿಗೆ ನಮ್ಮ ಭಾಗದ್ದೇ ಶತ್ರುಗಳಿವೆ. ಖಂಡೆ ಪೂಜೆಯ ದಿನ ವಾಚಿಗೂ ಅರಿಷಿಣ-ಕುಂಕುಮ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಹುಲಜಂತಿಯ ಮಹಾಲಿಂಗರಾಯನ ಜಾತ್ರೆಯಲ್ಲಿ ಭಂಡಾರ ಮಳೆಯಂತೆ ಸುರಿಯುತ್ತದೆ. ಬೆಳಗಿನ ವಿಭೂತಿ ಧಾರಣೆಯಲ್ಲಿಯೂ ಪುಡಿ ಉದುರುತ್ತದೆ. ಈ ನಯವಾದ ಪುಡಿ ಕೀಯ ಸಂದಿನಲ್ಲಿ ಇಳಿದು ಬೆವರಿನೊಡನೆ ಗಟ್ಟಿಯಾಗುತ್ತದೆ. ಪೂಜೆ ಬಿಡಬೇಕಿಲ್ಲ. ವಾಚನ್ನು ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಗೆ ಕುಂಕುಮ ಹಚ್ಚಿದರೆ ಆಯಿತು. ಜಾತ್ರೆಯಿಂದ ಬಂದ ರಾತ್ರಿಯೇ ಒಣ ಬ್ರಶ್ ಆಡಿಸಬೇಕು.

ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಬೈಕಿನ ಟಾಕಿ ಮೇಲಿನ ಚೀಲದಲ್ಲಿ, ಟ್ರ್ಯಾಕ್ಟರಿನ ಮುಂದೆ ಬಿಸಿಲಿಗೆ ಬಿಟ್ಟ ವಾಚಿನ ಎಣ್ಣೆ ಬೇಗ ಕೆಡುತ್ತದೆ, ರಬ್ಬರ್ ರಿಂಗು ಗಟ್ಟಿಯಾಗಿ ಸೀಳುತ್ತದೆ. ಆ ರಿಂಗೇ ಧೂಳು-ನೀರು ತಡೆಯುವ ಕಟ್ಟೆ.

ಇನ್ನು ಲೋಹಚುಂಬಕ. ಮದುವೆಯ ಡಿಜೆ ಸ್ಪೀಕರು, ಮೊಬೈಲ್ ಕವರಿನ ಚುಂಬಕ, ಬಾವಿಯ ಮೋಟಾರಿನ ಹತ್ತಿರ ಕೀ ವಾಚು ಇಟ್ಟರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಓಡತೊಡಗುತ್ತದೆ. ಒಮ್ಮೆಲೆ ದಿನಕ್ಕೆ ಹಲವು ನಿಮಿಷ ಮುಂದೆ ಹೋಗುತ್ತಿದ್ದರೆ ಕೆಟ್ಟಿತೆಂದು ತಿಳಿಯಬೇಡಿ. ಚುಂಬಕ ತೆಗೆಯುವ ಸಣ್ಣ ಯಂತ್ರ ರಿಪೇರಿಯವರಲ್ಲಿ ಇರುತ್ತದೆ, ಕ್ಷಣದ ಕೆಲಸ.

'30 ಮೀಟರ್' ನಂಬಿ ಕೆರೆಗೆ ಬೀಳಬೇಡಿ

ಪುಣೆ, ಮುಂಬೈ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಕ್ಕಳು, ಕೊಲ್ಲಿ ದೇಶಕ್ಕೆ ಹೋದವರು ಈಗ ರಾಡೋ, ಟಿಸ್ಸಾಟ್, ಒಮೆಗಾ ತರುತ್ತಾರೆ. ಎಮ್ಮೆಗಿಂತ ಹೆಚ್ಚು ರೊಕ್ಕದ ವಾಚು ಎಂದ ಮೇಲೆ ನೀರಿಗೆ ಹೆದರುವುದೇಕೆ ಎಂಬ ಧೈರ್ಯ. ಮೋಸ ಆಗುವುದು ಇಲ್ಲಿಯೇ.

ಹಿಂದಿನ ಮುಚ್ಚಳದ ಮೇಲಿನ '30 ಮೀಟರ್' ಎಂದರೆ 30 ಮೀಟರ್ ಆಳ ಈಜಬಹುದು ಎಂದಲ್ಲ. ಹೊಸ ವಾಚನ್ನು ಅಷ್ಟು ಒತ್ತಡದಲ್ಲಿ ಪರೀಕ್ಷಿಸಿದ್ದಾರೆ ಎಂದಷ್ಟೇ ಅರ್ಥ. ಬಳಕೆಗೆ ಇಳಿದರೆ ಕೈ ತೊಳೆಯುವಾಗ ಹಾರುವ ಹನಿ, ತುಂತುರು ಮಳೆ ತಡೆದೀತು. ಬಾವಿಯಲ್ಲಿ ಈಜಲು 100 ಮೀಟರ್ ಬರೆದ ವಾಚೇ ಬೇಕು. ಅದೂ ರಬ್ಬರ್ ರಿಂಗು ಚೆನ್ನಾಗಿದ್ದರೆ. ಅಂಥ ವಾಚನ್ನು ಮಾತ್ರ ಕೀ ಬಿಗಿದು ಸೋಪುನೀರಿನಿಂದ ತೊಳೆಯಬಹುದು. ಹಂಡೆಯ ಬಿಸಿನೀರಿನ ಸ್ನಾನ ಯಾವ ವಾಚಿಗೂ ಒಳ್ಳೆಯದಲ್ಲ. ಅಪ್ಪನ ಕಾಲದ ಎಚ್‌ಎಂಟಿಗಂತೂ ನೀರೇ ಬೇಡ.

ಗ್ಲಾಸಿನ ಒಳಗೆ ಮಂಜು ಕಂಡರೆ ನೀರು ಹೊಕ್ಕಿದೆ ಎಂದೇ ಲೆಕ್ಕ. ಬಿಸಿಲಿಗೆ ಇಡುವುದು, ಒಲೆಯ ಮುಂದೆ ಹಿಡಿಯುವುದು, ಮೊಬೈಲಿನಂತೆ ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಉಪಯೋಗವಿಲ್ಲ. ಅಕ್ಕಿಯ ಪುಡಿ ಬೇರೆ ಸೇರುತ್ತದೆ. ಅದೇ ದಿನ ಅಕ್ಕಲಕೋಟಕ್ಕೋ ಸೊಲ್ಲಾಪುರಕ್ಕೋ ಹೋಗಿ ಬಿಚ್ಚಿಸಬೇಕು. ನಾಲ್ಕು ದಿನ ತಡವಾದರೆ ತುಕ್ಕು ಹತ್ತುತ್ತದೆ.

1962ರಲ್ಲಿ ಬಂದ ರಾಡೋ ಡಯಾಸ್ಟಾರ್ ವಾಚು 'ಗೀರು ಬೀಳದ್ದು' ಎಂದು ಹೆಸರಾಯಿತು. ಅದರ ಮೈ ಬಹಳ ಗಡಸು ಲೋಹ. ಗಡಸು ವಸ್ತುವಿಗೆ ಗೀರು ಬೀಳುವುದು ಕಡಿಮೆ, ಆದರೆ ಶಹಾಬಾದ್ ಕಲ್ಲಿನ ನೆಲಕ್ಕೆ ಬಿದ್ದರೆ ಅಂಚು ಸಿಡಿಯಬಹುದು. ಈಗಿನ ಸೆರಾಮಿಕ್ ವಾಚಿಗೂ ಇದೇ ಮಾತು.

ದುಬಾರಿ ಕೀ ವಾಚುಗಳ ಸರ್ವಿಸಿಂಗ್ ಬಗ್ಗೆ ಕಂಪನಿಗಳೇ ಅವಧಿ ಹೇಳುತ್ತವೆ. ಒಮೆಗಾ 5ರಿಂದ 8 ವರ್ಷ, ರೋಲೆಕ್ಸ್ ಸುಮಾರು 10 ವರ್ಷ. ಬಿಲ್ಲು, ಗ್ಯಾರಂಟಿ ಕಾರ್ಡು, ಪೆಟ್ಟಿಗೆ ಹೊಲದ ಉತಾರಾದಂತೆ ಜೋಪಾನವಾಗಿರಲಿ. ಮುಂದೆ ಮಾರುವ ಪ್ರಸಂಗ ಬಂದರೆ ಕಾಗದ ಇದ್ದ ವಾಚಿಗೇ ನಂಬಿಕೆ.

ಸೆಲ್ ವಾಚಿಗೆ ಇಷ್ಟೆಲ್ಲ ಇಲ್ಲ. ಆದರೆ ನಿಂತ ಮೇಲೆ ಸೆಲ್ ಒಳಗೇ ಬಿಡಬಾರದು. ಸತ್ತ ಸೆಲ್ ಸೋರಿ ಮಷೀನನ್ನೇ ತಿನ್ನುತ್ತದೆ. ಕಟ್ಟುವುದಿಲ್ಲ ಎಂದಾದರೆ ತೆಗೆಸಿಯೇ ಇಡಬೇಕು.

ರಿಪೇರಿಗೆ ಕೊಡುವ ಮುಂಚೆ

ಕಣ್ಣಿಗೆ ಭೂತಗಾಜು ಸಿಕ್ಕಿಸಿ ಕೂರುವ ಹಳೆಯ ರಿಪೇರಿಯವರು ಎಲ್ಲ ಪೇಟೆಗಳಲ್ಲೂ ಕಡಿಮೆಯಾಗುತ್ತಿದ್ದಾರೆ. ಸೆಲ್, ಬೆಲ್ಟ್ ಹಾಕುವವರು ಸಿಗುತ್ತಾರೆ, ಕೀ ವಾಚು ಬಿಚ್ಚಿ ಕೂಡಿಸುವವರು ಅಪರೂಪ. ಕೊಡುವ ಮುಂಚೆ 'ಮಷೀನ್ ಪೂರ್ತಿ ಬಿಚ್ಚಿ ತೊಳೀತೀರೋ, ಇಡೀದು ಪೆಟ್ರೋಲಿನಾಗ ಅದ್ದಿ ತೆಗೀತೀರೋ?' ಎಂದು ಕೇಳಿದರೆ ತಪ್ಪಿಲ್ಲ. ಬಿಚ್ಚದೆ ಅದ್ದಿ ಎಣ್ಣೆ ಬಿಟ್ಟರೆ ಹಳೆ ಜಿಡ್ಡು ಸಂದಿನಲ್ಲೇ ಉಳಿಯುತ್ತದೆ. ವಾಚು ಕೆಲವು ತಿಂಗಳು ನಡೆದು ಮತ್ತೆ ನಿಲ್ಲುತ್ತದೆ.

ಎರಡನೆಯದು ಡಯಲ್. ಮಸುಕಾದ ಡಯಲಿಗೆ ಹೊಸ ಬಣ್ಣ ಹೊಡೆಸುವ ಆಸೆ ಬೇಡ. ಹಳೆ ಎಚ್‌ಎಂಟಿ ಕೂಡಿಡುವ ಶೋಕಿ ಈಗ ದೇಶದಲ್ಲಿ ಬೆಳೆದಿದೆ. ಅಂಥವರು ಮೊದಲು ನೋಡುವುದು ಡಯಲ್ ಅಸಲಿಯೋ ಬಣ್ಣ ಹೊಡೆದದ್ದೋ ಎಂದು. ಪೇಟೆಯಲ್ಲಿ ಕಣ್ಣು ಕುಕ್ಕುವ ಬಣ್ಣದ 'ಹಳೆ' ವಾಚುಗಳು ಹೀಗೆ ಬಣ್ಣ ಹೊಡೆದವೇ ಬಹಳ. ಅಪ್ಪನ ವಾಚಿನ ಹಳದಿಗಟ್ಟಿದ ಡಯಲೇ ಅದರ ಸಾಕ್ಷಿ.

ಕೊಡುವಾಗ ಮೊಬೈಲಿನಲ್ಲಿ ಡಯಲ್, ಹಿಂದಿನ ಮುಚ್ಚಳ, ಸಾಧ್ಯವಾದರೆ ಒಳಗಿನ ಮಷೀನಿನ ಫೋಟೋ ತೆಗೆದಿಡಿ. ಬದಲಿಸಿದ ಹಳೆ ಭಾಗ ಮರಳಿ ಬೇಕೆಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಇದರಿಂದ ಗಿರಾಕಿಯ ಗುಮಾನಿಯೂ ಹೋಗುತ್ತದೆ, ಪ್ರಾಮಾಣಿಕ ಕಾರಾಗೀರನ ಹೆಸರೂ ಉಳಿಯುತ್ತದೆ.

ಅಜ್ಜನ ಕಾಲದ ವಿದೇಶಿ ವಾಚು ಇರುವವರಿಗೆ ಒಂದು ಎಚ್ಚರಿಕೆ. 1960ರ ದಶಕದವರೆಗೆ ಬಂದ ಕೆಲವು ವಾಚುಗಳ ಮುಳ್ಳಿಗೆ, ಅಂಕಿಗೆ ಕತ್ತಲಲ್ಲಿ ಹೊಳೆಯಲೆಂದು ನಿಜವಾದ ರೇಡಿಯಂ ಹಚ್ಚುತ್ತಿದ್ದರು. ಹೊಳಪು ಹೋದರೂ ವಿಕಿರಣ ಹೋಗುವುದಿಲ್ಲ, ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥ ವಾಚನ್ನು ಮನೆಯಲ್ಲಿ ಬಿಚ್ಚುವುದು, ಕೆರೆಯುವುದು, ಮಕ್ಕಳ ಕೈಗೆ ಆಡಲು ಕೊಡುವುದು ಸಲ್ಲದು.

ನೆನಪಿಡಿ

* ಕೀ ವಾಚಿಗೆ ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ, ಕೈಯಿಂದ ಬಿಚ್ಚಿ ಕೀ ಕೊಡಿ. ಬಿಗಿ ಹತ್ತಿದ ಕೂಡಲೇ ನಿಲ್ಲಿಸಿ.

* ತಾರೀಖು ಇರುವ ವಾಚಿನಲ್ಲಿ ರಾತ್ರಿ 9ರಿಂದ ನಸುಕಿನ 3ರ ನಡುವೆ ತಾರೀಖು ಬದಲಿಸಬೇಡಿ. ಹಲ್ಲುಗಾಲಿ ಮುರಿಯಬಹುದು.

* ಅತ್ತರು, ಸೆಂಟು ಮೊದಲು, ವಾಚು ಆಮೇಲೆ.

* ಗುದ್ದಲಿ, ಕೊಡಲಿ ಹಿಡಿಯುವಾಗ ವಾಚು ಬಿಚ್ಚಿಡಿ. ಪೆಟ್ಟಿನ ಅದುರು ಒಳಗಿನ ಸೂಜಿತುದಿಗೆ ತಾಗುತ್ತದೆ.

* ಹಲವು ವಾಚು ಒಂದೇ ಡಬ್ಬಿಯಲ್ಲಿ ತುಂಬಬೇಡಿ. ಒಂದೊಂದನ್ನೂ ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿಡಿ.

* ದಿನಕ್ಕೆ ಅರ್ಧ ನಿಮಿಷ ಹಿಂದೆ-ಮುಂದೆ ಆಗುವುದು ಹಳೆ ಕೀ ವಾಚಿಗೆ ಸಹಜ. ಒಳಗಿನ ಯಂತ್ರ ಕೆಣಕಬೇಡಿ.

ಮನೆ ಪಾಲಾಗುವಾಗ ಹೊಲ, ಬಂಗಾರ, ದನಕರು ಎಲ್ಲ ಪಟ್ಟಿಗೆ ಬರುತ್ತವೆ. ನಿಂತ ವಾಚನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅದು ಭಂಗಾರದವನ ಪಾಲಾಗುತ್ತದೆ. ಮುಂದಿನ ಪೀಳಿಗೆಗೆ ಅಜ್ಜನ ಕೈಯಲ್ಲಿ ದಿನವೂ ಇದ್ದ ವಸ್ತು ತೋರಿಸಬೇಕೆಂದರೆ ಹಲವು ಮನೆಗಳಲ್ಲಿ ಉಳಿದಿರುವುದು ಇದೊಂದೇ. ಸರ್ವಿಸಿಂಗ್ ಮಾಡಿಸಿದ ಮೇಲೂ ನಡೆಯಲಿಲ್ಲ ಎಂದರೆ ಹಾಗೇ ಒರೆಸಿ, ಯಾರದು, ಯಾವ ವರ್ಷದ ಮದುವೆಯದು ಎಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಡಬಹುದು. ಬರೆಯಲು ತಿಳಿದವರು ಇರುವಾಗಲೇ ಬರೆಯಬೇಕು.